ಕಾಲಡಿಯ ಚರಿತ್ರೆ: ಸಗಣಿ ನೆಲದಿಂದ ಲ್ಯಾಮಿನೇಟ್ ಹಲಗೆಯವರೆಗೆ

ಈ ಸಲದ ಮಾಗಿ ಚಳಿಯಲ್ಲಿ ಎರಡು ದಿನ ರಜೆ ಹಾಕಿ, ಜರಗನಹಳ್ಳಿಯ ನಮ್ಮ ನಡುಮನೆಗೆ ನಾನೇ ಲ್ಯಾಮಿನೇಟ್ ನೆಲ ಹಾಸಿದೆ. ಮಂಡಿಯೂರಿ ಹಲಗೆಗೆ ಹಲಗೆ ಸೇರಿಸುತ್ತಾ ಹೋಗುತ್ತಿದ್ದಾಗ ಅವ್ವ ಅಡುಗೆಮನೆ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ತುಂಬ ಹೊತ್ತು ಸುಮ್ಮನಿದ್ದವಳು, "ನಿಮ್ಮಪ್ಪ ಒಂದ್ ದಿನನಾರ ನೆಲದ್ ಮ್ಯಾಲೆ ಮಂಡಿ ಊರಿದ್ನೇನ್ಲಾ?" ಅಂದಳು. ಯೋಚಿಸಿದೆ. ಅಪ್ಪ ಊರಿರಲಿಲ್ಲ. ತಾತನೂ ಊರಿರಲಿಲ್ಲ. ನೆಲದ ಬಗ್ಗೆ ಬರೆಯಬೇಕು ಅನ್ನಿಸಿದ್ದು ಆಗಲೇ.

ಮನೆ ನಮ್ಮ ಸೋದರಮಾವನದು. ಕನಕಪುರ ಕಡೆಯಿಂದ ಬೆಂಗಳೂರಿಗೆ ಬಸ್ಸಲ್ಲಿ ಬರುವವರಿಗೆ ಯಲಚೇನಹಳ್ಳಿ ಆದಮೇಲೆ, ಸಾರಕ್ಕಿ ಸಿಗ್ನಲ್‌ಗಿಂತ ಮೊದಲು ಜರಗನಹಳ್ಳಿ ಸಿಗುತ್ತದೆ. ಪಕ್ಕದಲ್ಲಿ ಜೆ.ಪಿ. ನಗರ, ಹಿಂದೆ ಸಾರಕ್ಕಿ ಕೆರೆ, ಮುಂದೆ 2017ರಿಂದ ಓಡುತ್ತಿರುವ ಮೆಟ್ರೋ. ಒಳಗಿನ ಓಣಿಗಳಿಗೆ ಇಳಿದರೆ ಇನ್ನೂ ಹಳ್ಳಿಯದೇ ಅಗಲ, ಎರಡು ಬೈಕು ಎದುರಾದರೆ ಒಂದು ನಿಲ್ಲಬೇಕು. ಮನೆಯ ನೆಲ ಕೆಂಪು, ನಡುವೆ ಉದ್ದಕ್ಕೂ ಬಿರುಕು. ಒಡೆಸಿ ಟೈಲ್ಸ್ ಹಾಕಿಸೋಣವೆಂದರೆ ಒಡೆಯುವ ಕೂಲಿ, ಮಣ್ಣು ಸಾಗಿಸುವ ಗಾಡಿ, ಮೇಸ್ತ್ರಿ, ಸಿಮೆಂಟು, ಮರಳು. ವರದಿಗಿಷ್ಟು ಅಂತ ದುಡ್ಡು ಎಣಿಸಿಕೊಳ್ಳುವವನ ಜೇಬಿಗೆ ಅದು ಆಗುವ ಮಾತಲ್ಲ. ಹಳೆ ನೆಲವನ್ನು ಮುಟ್ಟದೆ ಅದರ ಮೇಲೆಯೇ ಹಾಸಬಹುದು ಅನ್ನುವ ಒಂದೇ ಕಾರಣಕ್ಕೆ ಲ್ಯಾಮಿನೇಟ್ ಕಡೆ ತಿರುಗಿದೆ.

ನಮ್ಮ ಮೊದಲ ನೆಲ ಸಗಣಿಯದು. ಈ ನಾಡಿಗೂ ಸಗಣಿಗೂ ಇರುವ ನಂಟು ಎಷ್ಟು ಹಳೆಯದು ಅಂತ ನೋಡಬೇಕಾದರೆ ಬಳ್ಳಾರಿ ಹತ್ತಿರದ ಕುಡತಿನಿಗೆ ಹೋಗಬೇಕು. ಅಲ್ಲಿಯ ಬೂದಿ ದಿಬ್ಬ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನಗಾಹಿಗಳು ಒಟ್ಟಿ ಸುಟ್ಟ ಸಗಣಿಯ ಗುಡ್ಡೆ. ಮನೆಯೊಳಗಿನ ಲೆಕ್ಕ ಇನ್ನೂ ಸರಳ. ದಮ್ಮಸು ಮಾಡಿ ಬಡಿದ ಮಣ್ಣಿನ ನೆಲ ಒಣಗಿದರೆ ದೂಳೇಳುತ್ತದೆ. ಸಗಣಿಯಲ್ಲಿರುವ ಹುಲ್ಲಿನ ಸಣ್ಣ ನಾರು ಆ ದೂಳನ್ನು ಹಿಡಿದು ಕೂರಿಸುತ್ತದೆ. ಆದರೆ ಓಡಾಡಿದಷ್ಟೂ ಸವೆಯುವ ಹೊದಿಕೆ ಅದು, ವಾರಕ್ಕೊಮ್ಮೆಯಾದರೂ ಸಾರಿಸಬೇಕು. ಹಬ್ಬಕ್ಕೆ ಕರ್ರಗೆ ಮಿರುಗಲಿ ಅಂತ ಇದ್ದಿಲ ಪುಡಿ ಬೆರೆಸುತ್ತಿದ್ದರು. ಟಾರ್ಚು, ರೇಡಿಯೋ ಬಂದಮೇಲೆ ಖಾಲಿಯಾದ ಸೆಲ್ಲನ್ನು ಕಲ್ಲಿನಿಂದ ಒಡೆದು ಒಳಗಿನ ಮಸಿಯನ್ನು ಸಗಣಿಗೆ ಕಲೆಸುವುದು ಶುರುವಾಯಿತು. ಸೆಲ್ಲು ಒಡೆಯುವ ಕೆಲಸ ನಮ್ಮಂಥ ಹುಡುಗರದು. ಓದುತ್ತಿರುವ ಕೆಲವರ ಬೆರಳಿಗೆ ಆ ಮಸಿಯ ನೆನಪು ಇನ್ನೂ ಇರಬಹುದು.

ಸಗಣಿ ನೆಲ ತಂಪು, ಅದೇ ಚೆಂದ ಅಂತ ಈಗ ಹಾಡಿ ಹೊಗಳುವವರಿದ್ದಾರೆ. ಅವರಲ್ಲಿ ಸಾರಿಸಿದವರು ಕಡಿಮೆ ಅಂತ ನನ್ನ ಅನುಮಾನ. ಬಗ್ಗಿ, ಬಲಗೈಯಲ್ಲಿ ಅರ್ಧ ಚಂದ್ರ ಬಳಿಯುತ್ತಾ ಹಿಂದಕ್ಕೆ ಹಿಂದಕ್ಕೆ ಸರಿಯಬೇಕು. ಅವ್ವ ಹನ್ನೊಂದನೇ ವಯಸ್ಸಿಗೆ ಶುರು ಮಾಡಿದವಳು. ಈಗ ಅವಳ ಸೊಂಟಕ್ಕೆ ಬೆಲ್ಟು.

ಕಲ್ಲು ಇದ್ದ ಕಡೆ ಕಲ್ಲು ಹಾಸುತ್ತಿದ್ದರು. ಕಲಬುರಗಿ ಜಿಲ್ಲೆಯ ಶಹಾಬಾದಿನ ಸುಣ್ಣಕಲ್ಲು ಪದರ ಪದರವಾಗಿ ತಾನೇ ಬಿಡಿಸಿಕೊಳ್ಳುತ್ತದೆ, ಹೆಚ್ಚು ಕೆತ್ತುವ ಕೆಲಸವಿಲ್ಲ. ರೈಲು ಬಂದಮೇಲೆ ಅದು ದೂರದೂರಿಗೂ ಹೋಯಿತು. ಉಳ್ಳವರ ಮನೆಗೆ ಸುಣ್ಣದ ಗಾರೆ. ಹಳೆ ಮೈಸೂರು ಸೀಮೆಯ ಸಾಮಾನ್ಯ ಮನೆಯ ನೆಲ ನಿಜವಾಗಿ ಬದಲಾದದ್ದು ಸಿಮೆಂಟಿನಿಂದ.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ನಮ್ಮಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಜೊತೆಗೆ ಸಿಮೆಂಟ್ ಕಾರ್ಖಾನೆಯೂ 1930ರ ದಶಕದ ಕೊನೆಯ ಹೊತ್ತಿಗೆ ಎದ್ದಿತು. 1945ರಲ್ಲಿ ಬೆಂಗಳೂರಿಗೆ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು, 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಊರು ದಕ್ಷಿಣಕ್ಕೆ ಬೆಳೆಯುತ್ತಾ ಹೋದ ಆ ಕಾಲದ ಮನೆಗಳ ಗುರುತೇ ಕೆಂಪು ನೆಲ.

ಅದನ್ನು ಮಾಡುವುದು ಹುಡುಗಾಟವಲ್ಲ. ಜಲ್ಲಿಯ ಹಾಸು, ಅದರ ಮೇಲೆ ಸಿಮೆಂಟು ಗಾರೆ, ಅದು ಒಣಗುವ ಮೊದಲೇ ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿದ ತೆಳು ಪದರ. ಆಕ್ಸೈಡ್ ಅಂದರೆ ಬೇರೇನಲ್ಲ, ಕಬ್ಬಿಣದ ತುಕ್ಕಿನ ಜಾತಿಯ ಪುಡಿ. ಉಕ್ಕಿನ ಕರಣೆಯಲ್ಲಿ ಒತ್ತಿ ಒತ್ತಿ ಎಳೆದು ಹೊಳಪು ಬರಿಸಬೇಕು. ಒಂದು ಕೋಣೆಯನ್ನು ಒಂದೇ ಬೀಸಿಗೆ ಮುಗಿಸಬೇಕು, ನಡುವೆ ಊಟಕ್ಕೆ ಎದ್ದರೆ ಜೋಡಿನ ಗೆರೆ ಜನ್ಮಪೂರ್ತಿ ಕಾಣುತ್ತದೆ. ಆಮೇಲೆ ವಾರಗಟ್ಟಲೆ ನೀರು ನಿಲ್ಲಿಸಬೇಕು. ಗಾರೆ ಕೆಲಸದವರು ಹೋದಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುವ ಕೆಲಸ ಮನೆಯ ಹೆಂಗಸರದು, ವರ್ಷಗಟ್ಟಲೆ. ಒಳ್ಳೆಯ ಕೈಯಲ್ಲಿ ಆದ ಕೆಂಪು ನೆಲ ಐವತ್ತು ವರ್ಷ ಕಳೆದಮೇಲೆ ಕನ್ನಡಿಯಾಗುತ್ತದೆ. ಬುನಾದಿ ಸ್ವಲ್ಪ ಕುಸಿದರೆ ಸೀಳುತ್ತದೆ, ಸೀಳಿದ್ದಕ್ಕೆ ತೇಪೆ ಕೂರುವುದಿಲ್ಲ. ನಮ್ಮ ಮಾವನ ನೆಲಕ್ಕೆ ಆದದ್ದು ಅದೇ.

ಆಮೇಲಿನದು ಬೇಗ ಹೇಳಬಹುದು. ಮೊಸಾಯಿಕ್ ಬಂತು, ಅದರ ಜೊತೆ ಕಿವಿ ಕೊರೆಯುವ ಪಾಲಿಶ್ ಮಿಶಿನ್ನೂ ಬಂತು. ಆಮೇಲೆ ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಟೈಲ್ಸ್. ಈಗ ಹಳ್ಳಿಯ ಹೊಸ ಮನೆಗಳಲ್ಲೂ ಅದೇ, ಮಳೆಗಾಲದಲ್ಲಿ ಜಾರಿ ಬಿದ್ದ ಕತೆಗಳೂ ಅವೇ.

ಮರದ ನೆಲ ಮಾತ್ರ ನಮ್ಮ ಬಯಲುಸೀಮೆಗೆ ಬರಲಿಲ್ಲ. ಮರ ನಮ್ಮಲ್ಲಿ ಮೇಲಕ್ಕೆ ಹೋಯಿತು: ತೊಲೆ, ಅಟ್ಟ, ಉಪ್ಪರಿಗೆ. ಕೋಟೆಯ ಹತ್ತಿರ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆಯ ಕಂಬಗಳು ತೇಗದವು. ಆದರೆ ಮಣ್ಣಿಗೆ ತಾಗುವಂತೆ ಹಲಗೆ ಹಾಸಿದರೆ ಗೆದ್ದಲಿಗೆ ಹಬ್ಬ. ಹಾಗಾಗಿ ಮರದ ನೆಲ ಅಂದರೆ ನಮ್ಮಂಥವರಿಗೆ ಸಿನಿಮಾದಲ್ಲಿ ಕಂಡದ್ದು.

ಮರದಂತೆ ಕಾಣುವ ಈ ಲ್ಯಾಮಿನೇಟಿನ ಮೂಲ ಹುಡುಕಿದರೆ ಮರ ಸಿಗುವುದಿಲ್ಲ, ಕರೆಂಟು ಸಿಗುತ್ತದೆ. ನೂರು ವರ್ಷದ ಹಿಂದೆ ವಿದ್ಯುತ್ ಯಂತ್ರಗಳಲ್ಲಿ ಕರೆಂಟ್ ಹರಿಯದಂತೆ ತಡೆಯಲು ಮೈಕಾ ಬಳಸುತ್ತಿದ್ದರು. ನಾವು ಕಾಗೆ ಬಂಗಾರ ಅನ್ನುತ್ತೇವಲ್ಲ, ಅದೇ. ಜಗತ್ತಿಗೆ ಬೇಕಾದ ಮೈಕಾದ ದೊಡ್ಡ ಪಾಲು ಹೋಗುತ್ತಿದ್ದುದೂ ಭಾರತದಿಂದಲೇ. ಅದಕ್ಕೊಂದು ಅಗ್ಗದ ಬದಲಿ ಬೇಕಿತ್ತು. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ಹರ್ಬರ್ಟ್ ಫೇಬರ್ ಮತ್ತು ಡೇನಿಯಲ್ ಒಕಾನರ್ ಎಂಬ ಎಂಜಿನಿಯರುಗಳು ರಾಳದಲ್ಲಿ ಅದ್ದಿದ ಹಾಳೆಗಳನ್ನು ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡಿದರು. 1913ರಲ್ಲಿ ಅವರು ಕಟ್ಟಿದ ಕಂಪನಿಯ ಹೆಸರು ಫಾರ್ಮೈಕಾ. ಫಾರ್ ಮೈಕಾ, ಅಂದರೆ ಮೈಕಾದ ಬದಲಿಗೆ. ಮುಂದೆ ಅದೇ ಹಾಳೆಗೆ ಬಣ್ಣ, ಚಿತ್ತಾರ ಹತ್ತಿ ಮೇಜು, ಬೀರುಗಳ ಮೈಗೆ ಏರಿತು. ತಮಾಷೆ ನೋಡಿ, ನಮ್ಮೂರ ಬಡಗಿ ಈಗಲೂ ಅದನ್ನು ಮೈಕಾ ಅಂತಲೇ ಕರೆಯುತ್ತಾನೆ. ಯಾವುದನ್ನು ಬಿಡಿಸಲು ಹುಟ್ಟಿತೋ ಅದರ ಹೆಸರೇ ಅದಕ್ಕೆ ಅಂಟಿಕೊಂಡಿತು.

ಅದನ್ನು ಕಾಲಡಿಗೆ ಇಳಿಸಿದವರು ಸ್ವೀಡನ್ನಿನವರು. ಪರ್‌ಸ್ಟಾರ್ಪ್ ಎಂಬ ಕಂಪನಿ 1977ರಲ್ಲಿ ಲ್ಯಾಮಿನೇಟ್ ನೆಲವನ್ನು ರೂಪಿಸಿ, ಮುಂದೆ ಪರ್ಗೋ ಎಂಬ ಹೆಸರಿನಲ್ಲಿ ಮಾರಿತು. ಹಲಗೆಯ ಅಡ್ಡ ಕತ್ತರಿಸಿ ನೋಡಿದರೆ ನಾಲ್ಕು ಪದರ. ಮೇಲೆ ಸವೆತ ತಡೆಯುವ ಪಾರದರ್ಶಕ ಪದರ, ಅದರ ಕೆಳಗೆ ಮರದ ಫೋಟೋ ಇರುವ ಕಾಗದ, ನಡುವೆ ದಪ್ಪನೆಯ ಎಚ್‌ಡಿಎಫ್, ಅಡಿಯಲ್ಲಿ ಬಾಗದಂತೆ ಹಿಡಿಯುವ ಇನ್ನೊಂದು ಪದರ. ಎಚ್‌ಡಿಎಫ್ ಅಂದರೆ ಮರದ ಚೂರನ್ನು ಹಬೆಯಲ್ಲಿ ಬೇಯಿಸಿ, ಅರೆದು ನಾರು ಮಾಡಿ, ಅಂಟು ಬೆರೆಸಿ ಒತ್ತಿದ್ದು. ಹಸು ಹುಲ್ಲನ್ನು ಅರೆದ ನಾರಿನಿಂದ ಅಜ್ಜಿ ನೆಲ ಕಟ್ಟಿದ್ದಳು, ಮಿಶಿನ್ ಮರವನ್ನು ಅರೆದ ನಾರಿನಿಂದ ಇವರು ಕಟ್ಟಿದರು.

ಮೊದಮೊದಲು ಹಲಗೆಗಳನ್ನು ಅಂಟು ಹಾಕಿ ಕೂಡಿಸಬೇಕಿತ್ತು. 1990ರ ದಶಕದ ನಡುವಿನಲ್ಲಿ ಸ್ವೀಡನ್ನಿನ ವೆಲಿಂಗೆ, ಬೆಲ್ಜಿಯಮ್ಮಿನ ಯೂನಿಲಿನ್ ಕಂಪನಿಗಳು ಅಂಟಿಲ್ಲದೆ ಕೂರುವ ಬೀಗದ ಅಂಚು ತಂದವು. ಓರೆ ಹಿಡಿದು ಒಳಕ್ಕೆ ತೂರಿಸಿ ಕೆಳಕ್ಕೆ ಒತ್ತಿದರೆ ಟಕ್ ಅಂತ ಕೂರುತ್ತದೆ. ಕೂಲಿ ದುಬಾರಿಯಾದ ಆ ದೇಶಗಳಲ್ಲಿ ಮನೆಯವರೇ ಶನಿವಾರ ಭಾನುವಾರ ನೆಲ ಹಾಸಿಕೊಳ್ಳತೊಡಗಿದರು. ನಾನು ನಡುಮನೆಯಲ್ಲಿ ಕೂತು ಮಾಡಿದ್ದು ಅವರ ಕೆಲಸವನ್ನೇ.

ಕೋಣೆ 10 ಅಡಿಗೆ 12 ಅಡಿ, ಅಂದರೆ 120 ಚದರಡಿ. ಕತ್ತರಿಸಿ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿ 132. ಕೆರೆ ಹತ್ತಿರದ ಮನೆಯಾದ್ದರಿಂದ ಮೊದಲು ನೆಲದ ತೇವ ನೋಡಿದೆ. ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ ಎರಡು ದಿನ ಬಿಟ್ಟೆ. ಅಡಿಯಲ್ಲಿ ಹನಿ ಕಟ್ಟಿದರೆ ಆ ನೆಲಕ್ಕೆ ಹಾಗೇ ಹಾಸಬಾರದು. ನಮ್ಮದು ಒಣಗಿತ್ತು. ಬಿರುಕಿಗೆ ಗಾರೆ ತುಂಬಿ ಮಟ್ಟ ಮಾಡಿ, ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 3 ಮಿ.ಮೀ. ಫೋಮ್. ಹಲಗೆಯ ಡಬ್ಬಗಳನ್ನು ಬಿಚ್ಚದೆ ಎರಡು ದಿನ ಅದೇ ಕೋಣೆಯಲ್ಲಿ ಮಲಗಿಸಿದ್ದೆ, ಅಲ್ಲಿಯ ಹವೆಗೆ ಹೊಂದಿಕೊಳ್ಳಲಿ ಅಂತ. ಹವೆ ಬದಲಾದರೆ ಹಲಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೇ ಗೋಡೆಯಿಂದ ಸುತ್ತಲೂ 10 ಮಿ.ಮೀ. ಜಾಗ ಬಿಡಬೇಕು, ಆ ಸಂದನ್ನು ಆಮೇಲೆ ಪಟ್ಟಿ ಮುಚ್ಚುತ್ತದೆ. ಇಟ್ಟಿಗೆ ಗೋಡೆಯಂತೆ ಒಂದು ಸಾಲಿನ ಜೋಡು ಮುಂದಿನ ಸಾಲಿನ ಜೋಡಿಗೆ ನೇರ ಬರಬಾರದು, ಒಂದಡಿಯಾದರೂ ತಪ್ಪಿಸಬೇಕು. ಇಷ್ಟು ಗೊತ್ತಿದ್ದರೆ ಗರಗಸ, ಸುತ್ತಿಗೆ, ಟೇಪು ಸಾಕು. ಕೊನೆಯ ಸಾಲು ಮಾತ್ರ ನೀರು ಕುಡಿಸಿತು. ಹಳೆ ಗೋಡೆ ಈ ತುದಿಗೂ ಆ ತುದಿಗೂ ಒಂದೂವರೆ ಇಂಚು ಸೊಟ್ಟ, ಪ್ರತಿ ಹಲಗೆಯನ್ನೂ ಬೇರೆ ಬೇರೆ ಅಳೆದು ಸೀಳಬೇಕಾಯಿತು.

ನೋಡಲು ಚೆನ್ನಾಗೇ ಆಯಿತು. ಅಕ್ಕಪಕ್ಕದವರು ಬಂದು ಕಾಲಲ್ಲಿ ಒತ್ತಿ ನೋಡಿ ಹೋದರು.

ಆಮೇಲೆ ಯುಗಾದಿ ಬಂತು. ನಾನು ವರದಿಗೆ ಅಂತ ಕನಕಪುರಕ್ಕೆ ಹೋಗಿದ್ದೆ. ಅವ್ವ ಹಬ್ಬದ ಹಿಂದಿನ ದಿನ, ಐವತ್ತು ವರ್ಷದಿಂದ ಮಾಡಿದಂತೆಯೇ, ಬಕೆಟ್ಟುಗಟ್ಟಲೆ ನೀರು ಹಾಕಿ ಮನೆ ತೊಳೆದಳು. ಮೂರನೇ ದಿನಕ್ಕೆ ಅಡುಗೆಮನೆ ಗೋಡೆಯ ಕಡೆ ಹಲಗೆಗಳ ಅಂಚು ಹಪ್ಪಳದಂತೆ ಉಬ್ಬಿತು. ಜೋಡಿನ ಸಂದಿನಲ್ಲಿ ಇಳಿದ ನೀರನ್ನು ನಡುವಿನ ನಾರು ಕುಡಿದು ಊದಿಕೊಂಡಿತ್ತು, ಒಮ್ಮೆ ಊದಿದ ನಾರು ಒಣಗಿದರೂ ಮೊದಲಿನಂತಾಗುವುದಿಲ್ಲ. ಕೊಂಡ ಅಂಗಡಿಯವನು "ವಾಟರ್‌ಪ್ರೂಫ್ ಸಾರ್, ಕೆರೇಲಿ ಹಾಕಿದ್ರೂ ಏನಾಗಲ್ಲ" ಅಂದಿದ್ದ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ ಅಂತ ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಡಿಪ್ಲೊಮಾ ಓದಿದ ನಾನು ಅದನ್ನು ಓದಿರಲಿಲ್ಲ.

"ನೀರ್ ಕಂಡ್ರೆ ಹೆದ್ರೋ ನೆಲಾನ ಯಾರ್ಲಾ ಮನೇಗೆ ತರ್ತಾರೆ?" ಅಂದಳು ಅವ್ವ. ಬಯ್ಯುವ ದನಿಯಾಗಿರಲಿಲ್ಲ ಅದು, ತಾನು ಕೆಡಿಸಿಬಿಟ್ಟೆ ಅಂತ ಹೆದರಿದ್ದಳು. ಮಗ ದುಡ್ಡು ಕೂಡಿಟ್ಟು ತಂದದ್ದು ಅಂತ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಪ್ಪು ಅವಳದಲ್ಲ ಅಂತ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ನೋಡಿದರೆ, ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಕಾಲುಚೀಲದಲ್ಲಿ ಓಡಾಡುವ ಚಳಿ ದೇಶದ ಮನೆಗೆ ಹುಟ್ಟಿದ ನೆಲ ಅದು. ಸಗಣಿ, ಗಾರೆ, ಕೆಂಪು ನೆಲ, ಟೈಲ್ಸ್, ನಮ್ಮ ಹೆಂಗಸರ ಕೈಗೆ ಬಂದ ಯಾವ ನೆಲವೂ ಅಲ್ಲಿಯವರೆಗೆ ನೀರು ಬೇಡ ಅಂದಿರಲಿಲ್ಲ.

ಬೀಗದ ಅಂಚಿನ ಗುಣವೆಂದರೆ ಹಾಕಿದ್ದನ್ನು ಬಿಚ್ಚಲೂ ಬಹುದು. ಉಬ್ಬಿದ್ದೆಲ್ಲ ಕೊನೆಯ ಮೂರು ಸಾಲಿನಲ್ಲೇ ಇತ್ತು. ಮೂರನ್ನೂ ತೆಗೆದೆ. ಹೊಸದನ್ನು ಕೂರಿಸಲಿಲ್ಲ. ಉಳಿದ ಹಲಗೆಯ ಅಂಚಿಗೆ ಅಲ್ಯುಮಿನಿಯಂ ಪಟ್ಟಿ ಹಾಕಿ ನಿಲ್ಲಿಸಿದೆ. ಈಗ ಅಡುಗೆಮನೆ ಗೋಡೆಯುದ್ದಕ್ಕೂ ಒಂದೂವರೆ ಅಡಿ ಅಗಲದ ಹಳೆ ಕೆಂಪು ನೆಲ ಮತ್ತೆ ಹೊರಗೆ ಬಂದಿದೆ. ಅವ್ವ ಅಲ್ಲಿ ಸ್ಟೂಲು ಹಾಕಿಕೊಂಡು ಕೂತು, ಕೋಲಿಗೆ ಬಟ್ಟೆ ಸುತ್ತಿ, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಾಳೆ. ಹೊಸಿಲ ಆಚೆ ಎಷ್ಟು ನೀರಾದರೂ ಸುರಿಯುತ್ತಾಳೆ, ರಂಗೋಲಿ ಹಾಕುತ್ತಾಳೆ. ಹಲಗೆ ನೆಲವನ್ನು ಮಾತ್ರ ಮುಟ್ಟುವುದಿಲ್ಲ. ಬಟ್ಟೆಯನ್ನು ಬಿಗಿಯಾಗಿ ಹಿಂಡಿ ಅದನ್ನು ಒರೆಸುವುದು ದಿನಾ ಬೆಳಿಗ್ಗೆ ನನ್ನ ಕೆಲಸ.