ಮಂಗನ ಕಾಯಿಲೆಯ ಸಂಶೋಧನೆ ನಡೆದುಬಂದ ದಾರಿ

1957ರ ಮಾರ್ಚ್‌ನಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮೈಸೂರು ರಾಜ್ಯದಿಂದ ಒಂದು ಸುದ್ದಿ ಮುಟ್ಟಿತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದ್ದಾರೆ ಎಂಬುದು ಅದರ ತಿರುಳು. ಜ್ವರ ಹಿಂದಿನ ವರ್ಷವೂ ಕಾಣಿಸಿಕೊಂಡಿತ್ತು. ಆಗ ಅದನ್ನು ಟೈಫಾಯ್ಡ್ ಗುಂಪಿನ ಜ್ವರವೆಂದು ಬಗೆದಿದ್ದರು. ಮಂಗಗಳು ಸಾಯದೆ ಹೋಗಿದ್ದರೆ ಇನ್ನೆಷ್ಟು ವರ್ಷ ಅದು ಟೈಫಾಯ್ಡಿನ ಲೆಕ್ಕಕ್ಕೇ ಸೇರುತ್ತಿತ್ತೋ ಹೇಳುವುದು ಕಷ್ಟ.

ಮಂಗಗಳ ಸಾವು ಪುಣೆಯವರನ್ನು ಬೆಚ್ಚಿಬೀಳಿಸಿದ್ದಕ್ಕೆ ಕಾರಣವಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಈ ಕೇಂದ್ರವನ್ನು ಕಟ್ಟಿದ್ದವು. ರಾಕ್‌ಫೆಲರ್ ವಿಜ್ಞಾನಿಗಳು ದಶಕಗಳ ಕಾಲ ಹಳದಿ ಜ್ವರದ ಬೆನ್ನು ಹತ್ತಿದವರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದರೆ ಹಳದಿ ಜ್ವರ ಹತ್ತಿರದಲ್ಲೇ ಇದೆ ಎಂದು ಅವರಿಗೆ ಗೊತ್ತಿತ್ತು. ಭಾರತದಲ್ಲಿ ಆ ಕಾಯಿಲೆ ಇರಲಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಈಜಿಪ್ಟಿ ಸೊಳ್ಳೆ ಧಾರಾಳವಾಗಿತ್ತು. ಕೇಂದ್ರದ ನಿರ್ದೇಶಕ ಟೆಲ್ಫೋರ್ಡ್ ವರ್ಕ್ ಮತ್ತು ಸಹೋದ್ಯೋಗಿ ಹೆರಾಲ್ಡ್ ಟ್ರಾಪಿಡೊ ತಡಮಾಡದೆ ತನಿಖೆಗಿಳಿದರು.

ಆ ಕಾಲದಲ್ಲಿ ವೈರಾಣುವನ್ನು ಹಿಡಿಯುತ್ತಿದ್ದ ಬಗೆಯನ್ನು ಇಲ್ಲಿ ಹೇಳಬೇಕು. ಸತ್ತ ಅಥವಾ ಸಾಯುತ್ತಿರುವ ಮಂಗದ ರಕ್ತವನ್ನೋ ಅಂಗಾಂಶವನ್ನೋ ತಣ್ಣಗೆ ಕಾಪಾಡಿ ತಂದು, ಅರೆದು, ಹುಟ್ಟಿ ಕೆಲವೇ ದಿನವಾದ ಇಲಿಮರಿಗಳ ಮಿದುಳಿಗೆ ಚುಚ್ಚುತ್ತಿದ್ದರು. ಮರಿಗಳು ಕಾಯಿಲೆ ಬಿದ್ದರೆ ಅವುಗಳ ಮಿದುಳಿನಿಂದ ಇನ್ನಷ್ಟು ಮರಿಗಳಿಗೆ ದಾಟಿಸುತ್ತಿದ್ದರು. ಹೀಗೆ ಬೆಳೆಸಿದ ವೈರಾಣುವನ್ನು ಮೊದಲೇ ಗೊತ್ತಿದ್ದ ವೈರಾಣುಗಳ ಪ್ರತಿಕಾಯಗಳ ಎದುರಿಗಿಟ್ಟು, ಯಾವುದಕ್ಕೆ ಸ್ಪಂದಿಸುತ್ತದೆ ಎಂದು ನೋಡುವುದು ಕೊನೆಯ ಹಂತ. ಕ್ಯಾಸನೂರಿನ ಮುಸಿಯ ಜಾತಿಯ ಮಂಗದಿಂದ ಸಿಕ್ಕ ವೈರಾಣು ಹಳದಿ ಜ್ವರದ್ದಾಗಿರಲಿಲ್ಲ. ಎಲ್ಲರೂ ಹುಬ್ಬೇರಿಸುವಂತೆ ಅದು ಸೈಬೀರಿಯಾದ ಕಾಡುಗಳಲ್ಲಿ ಮಿದುಳಿನ ಉರಿಯೂತ ತರುವ ರಷ್ಯನ್ ವಸಂತ-ಬೇಸಿಗೆ ವೈರಾಣುವಿನ ದಾಯಾದಿಯಾಗಿತ್ತು. ಆ ಕುಲದ ವೈರಾಣುಗಳನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಹುಡುಕಿದಾಗ ರೋಗಿಗಳ ರಕ್ತದಲ್ಲೂ ಕಾಡಿನ ಉಣುಗುಗಳಲ್ಲೂ, ಮುಖ್ಯವಾಗಿ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯಲ್ಲಿ, ಅದೇ ವೈರಾಣು ಸಿಕ್ಕಿತು. ಆ ಮೊದಲ ಋತುವಿನಲ್ಲಿ 466 ಜನರಿಗೆ ಕಾಯಿಲೆ ತಗಲಿದ್ದು ದಾಖಲಾಯಿತು.

ಪ್ರಯೋಗಾಲಯದ ಕೆಲಸ ಇಷ್ಟು ಚುರುಕಾಗಿ ಮುಗಿದದ್ದರಿಂದಲೇ ಮುಂದಿನ ದಾರಿ ಸ್ವಲ್ಪ ತಪ್ಪಿತು ಎಂಬುದು ನನ್ನ ಅನಿಸಿಕೆ. ಸೈಬೀರಿಯಾದ ವೈರಾಣುವಿನ ನೆಂಟ ಸೊರಬಕ್ಕೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಮುಂದೆ ಬಂದು, ಅದು ಇಲ್ಲಿ, ಈಗಲೇ ಏಕೆ ಎದ್ದಿತು ಎಂಬುದು ಹಿಂದೆ ಸರಿಯಿತು. ಚಳಿಗಾಲಕ್ಕೆ ಉತ್ತರದಿಂದ ಬರುವ ವಲಸೆ ಹಕ್ಕಿಗಳ ಮೈಮೇಲೆ ಕುಳಿತು ಉಣುಗುಗಳು ಬಂದಿರಬಹುದು ಎಂಬ ಊಹೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಕೈಗೊಂಡರು. ಮುಂದೆ ಅದಕ್ಕೆ ಅಮೆರಿಕದ ಸೈನ್ಯದ ಹಣವೂ ಹರಿದುಬಂತು. ಎಪ್ಪತ್ತರ ದಶಕದಲ್ಲಿ ಇದು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಕಣ್ಣಿಗೆ ಬಿದ್ದು, ಜೈವಿಕ ಯುದ್ಧದ ಗುಮಾನಿಯವರೆಗೆ ಮಾತು ಬೆಳೆಯಿತು. ಹಕ್ಕಿಗಳ ವಲಸೆಯ ಬಗ್ಗೆ ನಮಗೆ ಅಮೂಲ್ಯ ತಿಳಿವಳಿಕೆ ದಕ್ಕಿತು. ಹಕ್ಕಿಗಳೇ ವೈರಾಣುವನ್ನು ಹೊತ್ತು ತಂದವು ಎಂಬುದಕ್ಕೆ ಗಟ್ಟಿ ಪುರಾವೆ ದಕ್ಕಲಿಲ್ಲ. ಕಛ್ ಮತ್ತು ಸೌರಾಷ್ಟ್ರದ ಜನರ ರಕ್ತದಲ್ಲಿ ಇದೇ ಗುಂಪಿನ ವೈರಾಣುವಿಗೆ ಪ್ರತಿಕಾಯಗಳು ಕಂಡಿದ್ದವು. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಎಂಬ ವೈರಾಣು ಸಿಕ್ಕಾಗ, ಅದು ಕ್ಯಾಸನೂರಿನದಕ್ಕೆ ಒಡಹುಟ್ಟಿನಷ್ಟು ಹತ್ತಿರ ಎಂದು ಗೊತ್ತಾಯಿತು. ಹಾಗಾಗಿ ಇದನ್ನು 1957ರಲ್ಲಿ ಸೈಬೀರಿಯಾದಿಂದ ಹೊಸದಾಗಿ ಇಳಿದ ಅತಿಥಿ ಎನ್ನುವುದಕ್ಕಿಂತ ಮೊದಲೇ ಎಲೆಮರೆಯಲ್ಲಿದ್ದ ನಿವಾಸಿ ಎನ್ನುವುದು ಹೆಚ್ಚು ಸರಿ.

ಈ ನಡುವೆ ವೈದ್ಯರು ರೋಗಿಯ ಹಾಸಿಗೆಯ ಪಕ್ಕದಲ್ಲಿ ಮಾಡಿದ ಕೆಲಸ ಕಡಿಮೆಯದಲ್ಲ. ಎಚ್.ಇ. ವೆಬ್ ಮತ್ತು ಆರ್. ಲಕ್ಷ್ಮಣರಾವ್ 1961ರಲ್ಲಿ ಪ್ರಕಟಿಸಿದ ಅಧ್ಯಯನ ಈಗಲೂ ಕಾಯಿಲೆಯ ಮೂಲ ಚಿತ್ರ. ಇದ್ದಕ್ಕಿದ್ದಂತೆ ಏರುವ ಜ್ವರ, ಹಣೆಯ ಮೇಲೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ತಾಳಲಾರದ ನೋವು, ಕೆಂಪೇರಿದ ಕಣ್ಣು, ಕೆಲವರಲ್ಲಿ ಮೂಗು, ವಸಡು, ಮಲದಲ್ಲಿ ರಕ್ತ. ಜ್ವರ ಇಳಿದು ಒಂದೆರಡು ವಾರ ಕಳೆದ ಮೇಲೆ ಕೆಲವರಿಗೆ ಅದು ಮರಳಿ ಬರುತ್ತದೆ. ಆಗ ಕುತ್ತಿಗೆ ಬಿಗಿತ, ನಡುಕ, ಗೊಂದಲ ಮುಂತಾದ ಮಿದುಳಿನ ಲಕ್ಷಣಗಳು ಕಾಣುತ್ತವೆ. ನೂರರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಮೊದಲ ದಿನಗಳಲ್ಲಿ ರಕ್ತದ ಬಿಳಿಕಣಗಳು ಗಣನೀಯವಾಗಿ ಕುಸಿಯುತ್ತವೆ ಎಂಬುದು ಎದ್ದು ಕಂಡ ಇನ್ನೊಂದು ಸಂಗತಿ.

ಈ ಕೊನೆಯ ಸಂಗತಿಗೆ ಒಂದು ವಿಚಿತ್ರ ಬಾಲವಿದೆ. ವೆಬ್ ಲಂಡನ್ನಿಗೆ ಮರಳಿದ ಮೇಲೆ, ಬಿಳಿಕಣಗಳನ್ನು ಇಳಿಸುವ ವೈರಾಣು ಬಿಳಿಕಣಗಳೇ ಅತಿಯಾಗುವ ರಕ್ತದ ಕ್ಯಾನ್ಸರಿಗೆ ಮದ್ದಾಗಬಾರದೇಕೆ ಎಂಬ ದಿಕ್ಕಿನಲ್ಲಿ ಸಂಶೋಧನೆ ಹೊರಳಿತು. ಲ್ಯಾಂಗಟ್ ಎಂಬ ಸೌಮ್ಯ ದಾಯಾದಿ ವೈರಾಣುವನ್ನೂ ಕ್ಯಾಸನೂರಿನ ವೈರಾಣುವನ್ನೂ, ಬೇರೆ ದಾರಿ ಉಳಿಯದ 28 ರೋಗಿಗಳ ಮೇಲೆ ಪ್ರಯೋಗಿಸಿದ ವರದಿ 1966ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಕೆಲವರಲ್ಲಿ ತಾತ್ಕಾಲಿಕ ಗುಣ ಕಂಡಿತು, ಕೆಲವರಿಗೆ ಮಿದುಳಿನ ಉರಿಯೂತವೇ ಬಂದಿತು. ಸೊರಬದ ಹಳ್ಳಿಗರು ಹೆದರಿ ನಡುಗುತ್ತಿದ್ದ ವೈರಾಣುವನ್ನು ಲಂಡನ್ನಿನಲ್ಲಿ ಸೂಜಿಯಿಂದ ಏರಿಸಿದರು ಎಂದರೆ ಇಂದಿನ ಯಾವ ನೈತಿಕ ಸಮಿತಿಯೂ ಕುರ್ಚಿಯಿಂದ ಎದ್ದು ನಿಲ್ಲುತ್ತದೆ. ಆದರೆ ವೈರಾಣುಗಳಿಂದ ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆ ಬರೆಯುವವರು ಈ ವರದಿಯನ್ನು ದಾಟಿ ಹೋಗುವಂತಿಲ್ಲ. ಇತ್ತ ಪ್ರಯೋಗಾಲಯದ ಸಿಬ್ಬಂದಿಗೂ ವೈರಾಣು ಬಿಡಲಿಲ್ಲ. ಅದರೊಡನೆ ಕೆಲಸ ಮಾಡುತ್ತಿದ್ದ ಹಲವರು ಆಕಸ್ಮಿಕ ಸೋಂಕಿನಿಂದ ಮಲಗಿದರು.

ಇಲ್ಲಿ ಈಗಲೇ ಏಕೆ ಎಂಬ ಪ್ರಶ್ನೆಯನ್ನು ಮತ್ತೆ ಮುಂದೆ ತಂದವರು ಹೋರ್ಹೆ ಬೊಷೆಲ್. ಕೊಲಂಬಿಯಾದ ಈ ವೈದ್ಯ ತನ್ನ ದೇಶದ ಕಾಡಿನಲ್ಲಿ, ಮರ ಕಡಿಯುವವರು ಮರ ಉರುಳಿಸಿದೊಡನೆ ನೆತ್ತಿಯಲ್ಲಿದ್ದ ಹಳದಿ ಜ್ವರದ ಸೊಳ್ಳೆಗಳು ನೆಲಕ್ಕಿಳಿದು ಅವರನ್ನು ಮುತ್ತುವುದನ್ನು ಕಂಡವರು. ಅದೇ ಕಣ್ಣಿನಿಂದ ಮಲೆನಾಡನ್ನು ನೋಡಿದರು. ಪಿ.ಕೆ. ರಾಜಗೋಪಾಲನ್ ಮೊದಲಾದವರೊಡನೆ ಅವರು ಅರವತ್ತರ ದಶಕದಲ್ಲಿ ನಡೆಸಿದ ಕೆಲಸ ಇಡೀ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವೆನಿಸುತ್ತದೆ. ಉಣುಗಿನ ಬದುಕಿನ ಲೆಕ್ಕ ಹೀಗಿದೆ. ದೊಡ್ಡ ಉಣುಗು ಮಳೆಗಾಲದಲ್ಲಿ ದನಗಳಂಥ ದೊಡ್ಡ ಪ್ರಾಣಿಗಳ ರಕ್ತ ಹೀರಿ ಬಿದ್ದು ತರಗಿನ ಮೇಲೆ ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಲಾರ್ವಾಗಳು ಹೊರಬೀಳುತ್ತವೆ. ಈ ಜಾತಿಯಲ್ಲಿ ತಾಯಿಯಿಂದ ಮರಿಗೆ ವೈರಾಣು ಬರುವುದಿಲ್ಲ. ಸೋಂಕು ತಗಲಿದ ಮಂಗ, ಇಲಿ, ಮೂಗಿಲಿಗಳ ರಕ್ತ ಹೀರಿಯೇ ಬರಬೇಕು. ಲಾರ್ವಾ ನಿಂಫ್ ಆಗಿ ಬೆಳೆದು ಡಿಸೆಂಬರ್‌ನಿಂದ ಮೇ ತನಕ ತರಗಿನಲ್ಲಿ ಕಾದಿರುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ನಿಂಫ್. ಮಲೆನಾಡಿನವರು ಸೌದೆಗೆ, ಸೊಪ್ಪಿಗೆ, ತರಗು ಗುಡಿಸುವುದಕ್ಕೆ ಬೆಟ್ಟ ಹತ್ತುವುದೂ ಅದೇ ತಿಂಗಳುಗಳಲ್ಲಿ. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳೆಲ್ಲ ಉದುರಿ, ಬಿದ್ದ ಜಾಗ ಸೋಂಕಿನ ಕೇಂದ್ರವಾಗುತ್ತದೆ.

1969ರಲ್ಲಿ ಬೊಷೆಲ್ ಬರೆದ ಲೇಖನದ ಸಾರ ಇದು: ಕಾಡನ್ನು ತುಂಡರಿಸಿ ಗದ್ದೆ ಮಾಡಿ, ಅಂಚಿನಲ್ಲಿ ಲಂಟಾನಾ ಹಬ್ಬಿ, ಅದರೊಳಗೆ ದನ ಮೇಯಿಸಿದ್ದರಿಂದ ಉಣುಗುಗಳಿಗೆ ಊಟ ಹೆಚ್ಚಾಯಿತು, ಮಂಗ-ಮನುಷ್ಯ-ದನ ಒಂದೇ ನೆಲದಲ್ಲಿ ಕೂಡಿದವು. ಕಾಯಿಲೆಗೆ ಲಿಂಗನಮಕ್ಕಿ ಅಣೆಕಟ್ಟನ್ನು ದೂರುವ ವಾಡಿಕೆಯೂ ನಮ್ಮಲ್ಲಿದೆ. ಆ ಅಣೆಕಟ್ಟು ಮುಗಿದದ್ದು 1964ರಲ್ಲಿ, ಆದ್ದರಿಂದ ಮೊದಲ ಸ್ಫೋಟದ ಹೊಣೆಯನ್ನು ಅದಕ್ಕೆ ಹೊರಿಸುವಂತಿಲ್ಲ. ಆದರೆ ಬೊಷೆಲ್ ಮಾತಿಗೆ ಬಲ ಕೊಡುವ ಉದಾಹರಣೆ 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಸಿಕ್ಕಿತು. ಗೇರು ತೋಟಕ್ಕಾಗಿ ಕಾಡು ಸವರಿದ ಕಡೆಯಲ್ಲಿ ಕಾಯಿಲೆ ಭುಗಿಲೆದ್ದಿತು.

ಲಸಿಕೆಯ ಚರಿತ್ರೆಯಲ್ಲಿ ಮೊದಲ ಪಾಠ ಸೋಲಿನದು. ವೈರಾಣುಗಳು ನೆಂಟರಾದ್ದರಿಂದ ರಷ್ಯನ್ ವೈರಾಣುವಿನಿಂದ ತಯಾರಿಸಿದ ಲಸಿಕೆಯನ್ನೇ ಇಲ್ಲಿನವರಿಗೆ ಕೊಟ್ಟು ನೋಡಿದರು. ರಕ್ಷಣೆ ಸಿಗಲಿಲ್ಲ. ಆಮೇಲೆ ಸ್ಥಳೀಯ ವೈರಾಣುವನ್ನೇ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಲಸಿಕೆ ಮಾಡಿದರು. 1990ರಿಂದ 92ರವರೆಗೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನಡೆದ ಪರೀಕ್ಷೆಯಲ್ಲಿ ಒಂದು ಡೋಸಿಗೆ ಶೇ. 79.3, ಎರಡಕ್ಕೆ ಶೇ. 93.5 ರಕ್ಷಣೆ ಎಂದು ವರದಿಯಾಯಿತು. ಈ ಅಂಕಿಯನ್ನು ಆರಾಮಾಗಿ ಒಪ್ಪಿಕೊಳ್ಳಬಾರದು, ಏಕೆಂದರೆ ಹೋಲಿಕೆ ನಡೆದದ್ದು ಲಸಿಕೆ ಹಾಕಿಸಿಕೊಂಡವರು ಮತ್ತು ಹಾಕಿಸಿಕೊಳ್ಳದವರ ನಡುವೆ. ಎರಡು ಗುಂಪಿನವರೂ ಒಂದೇ ಬಗೆಯಲ್ಲಿ ಕಾಡಿಗೆ ಹೋಗುತ್ತಿದ್ದರು ಎಂದು ಹೇಳಲಾಗದು. 2005ರಿಂದ 2010ರ ದಾಖಲೆಗಳನ್ನು ಮತ್ತೆ ತಿರುವಿದಾಗ ಎರಡು ಡೋಸಿನ ರಕ್ಷಣೆ ಶೇ. 62.4ಕ್ಕೆ ಇಳಿದಿತ್ತು, ಬೂಸ್ಟರ್ ಪಡೆದವರಲ್ಲಿ ಶೇ. 82.9 ಇತ್ತು. ಚುಚ್ಚಿಸಿಕೊಂಡ ಜಾಗದ ನೋವಿಗೆ ಹೆದರಿ, ಮತ್ತೆ ಮತ್ತೆ ಬೂಸ್ಟರ್ ಬೇಕೆಂಬ ಬೇಸರಕ್ಕೆ ಜನ ಹಿಂಜರಿದರು.

ಅಷ್ಟರಲ್ಲಿ ಕಾಯಿಲೆ ಶಿವಮೊಗ್ಗದ ಗಡಿ ದಾಟಿ ಬಹಳ ದೂರ ಹೋಗಿತ್ತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದವರಿಗೆ ತಗಲಿತು. ಆಮೇಲೆ ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಕಂಡಿತು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಗೆ ಎದ್ದ ಕಾಯಿಲೆ ಹಳೆಯ ನೆಲದಲ್ಲೂ ಅದರ ಬಲ ಕುಂದಿಲ್ಲವೆಂದು ತೋರಿಸಿತು. ಅಲ್ಲಿಯವರೆಗೂ ಕೊಡುತ್ತಿದ್ದ ಲಸಿಕೆಯ ಸತ್ವ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ಶುರುವಾಗಿದೆ. ಸದ್ಯಕ್ಕೆ ಬೆಟ್ಟಕ್ಕೆ ಹೋಗುವವರ ಕೈಯಲ್ಲಿರುವುದು ಉಣುಗು ಹತ್ತದಂತೆ ಮೈಗೆ ಸವರಿಕೊಳ್ಳುವ ಡೇಪಾ ಎಣ್ಣೆ. ಮಂಗ ಸತ್ತ ಸುದ್ದಿ ಬಂದ ಕಡೆ ಆರೋಗ್ಯ ಇಲಾಖೆಯವರು ಉಣುಗು ಹಿಡಿದು ಪರೀಕ್ಷೆಗೆ ಕಳಿಸುತ್ತಾರೆ. ದನಗಳ ಮೈಮೇಲಿನ ಉಣುಗನ್ನು ತಗ್ಗಿಸುವ ಕೆಲಸಕ್ಕೆ ಮಾತ್ರ, ಬೊಷೆಲ್ ಬರೆದು ಅರ್ಧ ಶತಮಾನ ದಾಟಿದರೂ, ಲಸಿಕೆಗೆ ಸಿಕ್ಕಷ್ಟು ಗಮನ ಸಿಕ್ಕಿಲ್ಲ.