ಆಟದೊಳಗಿನ ಕಿರುಕುಳಕ್ಕೆ ಪಂಚಾಯ್ತಿ ಕೂತ ಕಥೆ

ಸಂಜೆ ಆರರ ಮೇಲೆ ನಮ್ಮೂರಿನ ಬಸ್ ಸ್ಟ್ಯಾಂಡ್ ಕಟ್ಟೆ ಹತ್ತಿರ ಬಂದರೆ ನಾಲ್ಕು ಹುಡುಗರು ನಾಲ್ಕು ಫೋನ್ ಹಿಡಿದು ಕೂತಿರುತ್ತಾರೆ. "ಎಡಕ್ಕೆ ಬಾರೋ", "ರಿವೈವ್ ಮಾಡೋ ಬೇಗ" ಅನ್ನುವ ಕೂಗಾಟ. ನಡುನಡುವೆ ಫೋನಿನೊಳಗಿಂದ ಗುರುತು ಪರಿಚಯ ಇಲ್ಲದ ಯಾರೋ ಅಮ್ಮ ಅಕ್ಕನನ್ನು ಎಳೆದು ತಂದು ಬೈಯುವುದೂ ಕೇಳುತ್ತದೆ. ನಮ್ಮ ತಂಡದಲ್ಲೊಬ್ಬಳು ಕಾಲೇಜು ದಿನಗಳಿಂದಲೇ ಇಂಥ ಆಟ ಆಡುತ್ತಾಳೆ, ಚೆನ್ನಾಗಿಯೇ ಆಡುತ್ತಾಳೆ. ಮೈಕ್ ಮಾತ್ರ ಆನ್ ಮಾಡುವುದಿಲ್ಲ. ಒಮ್ಮೆ ಮಾಡಿದ್ದಳು. ಹೆಣ್ಣು ದನಿ ಕೇಳಿದ್ದೇ ತಡ, ತಂಡದಲ್ಲಿದ್ದ ಮೂವರೂ ಆಟ ಬಿಟ್ಟು ಫೋನ್ ನಂಬರ್ ಕೇಳತೊಡಗಿದರು. ಕೊಡದಿದ್ದಾಗ ಬಂದ ಮಾತುಗಳನ್ನು ಇಲ್ಲಿ ಬರೆಯಲಾಗದು.

"ಆಟ ತಾನೇ, ಬಿಟ್ಟಾಕು" ಅಂತ ಎಲ್ಲರೂ ಹೇಳಿದರು. ನಾವೂ ಹೇಳಿದೆವು. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಈ "ಬಿಟ್ಟಾಕು" ಎಂಬ ಮಾತಿಗೆ ನಮ್ಮ ವಯಸ್ಸಿಗಿಂತ ಹೆಚ್ಚು ವಯಸ್ಸಾಗಿದೆ ಎಂದು.

ಹಲವರು ಒಟ್ಟಿಗೆ ಸೇರಿ ಆಡುವ ಇಂಥ ಕಂಪ್ಯೂಟರ್ ಆಟಗಳ ಮೂಲಪುರುಷ ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಟ್ಟಿದ ಆ ಆಟದ ಹೆಸರು ಮಡ್. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. "ಉತ್ತರಕ್ಕೆ ಹೋಗು" ಎಂದು ಟೈಪ್ ಮಾಡಿದರೆ ಅಲ್ಲೇನಿದೆ ಎಂದು ಕಂಪ್ಯೂಟರ್ ಬರೆದು ತೋರಿಸುತ್ತಿತ್ತು. ಮುಂದೆ 1996ರಲ್ಲಿ ಇದೇ ಬಾರ್ಟಲ್ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಒಂದು ಲೇಖನ ಬರೆದರು. ಅದರಲ್ಲೊಂದು ಬಗೆಯವರಿಗೆ ಗೆಲುವಾಗಲಿ ಸ್ನೇಹವಾಗಲಿ ದೊಡ್ಡದಲ್ಲ, ಬೇರೆಯವರ ಮೇಲೆ ಕೈ ಮಾಡುವುದರಲ್ಲೇ ಖುಷಿ. ಇಂಥವರಿಗೆ ಬಾರ್ಟಲ್ ಇಟ್ಟ ಹೆಸರು ಕಿಲ್ಲರ್.

ಚಿತ್ರಗಳಿದ್ದ ಊರು ಬಂದದ್ದು 1986ರ ಹೊತ್ತಿಗೆ. ಅಮೆರಿಕದ ಲ್ಯೂಕಾಸ್‌ಫಿಲ್ಮ್ ಕಂಪನಿ ಮಾಡಿದ ಹ್ಯಾಬಿಟ್ಯಾಟ್‌ನಲ್ಲಿ ಜನ ಮನೆ ಮಾಡಿಕೊಂಡರು, ಕಾಸು ಕೂಡಿಟ್ಟರು. ಕೆಲವರು ಕಳ್ಳತನಕ್ಕಿಳಿದರು, ಬಂದೂಕು ಸಿಕ್ಕವರು ಸಿಕ್ಕವರ ಮೇಲೆ ಹಾರಿಸಿದರು. ಇದು ಅಪರಾಧವೋ ಆಟದ ಭಾಗವೋ ಎಂದು ಊರು ಎರಡಾಯಿತು. ಆಟಗಾರರಲ್ಲೊಬ್ಬರು ನಿಜ ಬದುಕಿನಲ್ಲಿ ಗ್ರೀಕ್ ಆರ್ಥಡಾಕ್ಸ್ ಪಾದ್ರಿ. ಅವರು ಆಟದೊಳಗೇ ಒಂದು ಚರ್ಚ್ ಕಟ್ಟಿದರು. ಆಯುಧ ಹಿಡಿಯುವುದಿಲ್ಲ, ಕದಿಯುವುದಿಲ್ಲ, ಹೊಡೆಯುವುದಿಲ್ಲ ಎಂಬುದು ಅದಕ್ಕೆ ಸೇರಿದವರ ವ್ರತ. ಚುನಾವಣೆ ನಡೆಸಿ ಒಬ್ಬ ಶೆರಿಫ್‌ನನ್ನೂ ಆರಿಸಿದರು. ಕೊನೆಗೆ ಕಂಪನಿಯವರು ಊರೊಳಗೆ ಕಳ್ಳತನವೂ ಬಂದೂಕೂ ನಡೆಯದಂತೆ ಮಾಡಿ, ಊರಾಚೆಯ ಕಾಡನ್ನು ಹಾಗೇ ಬಿಟ್ಟರು.

ಇಷ್ಟೆಲ್ಲ ಆದರೂ ನಮ್ಮನ್ನು ಹಿಡಿದು ನಿಲ್ಲಿಸಿದ್ದು 1993ರ ಕಥೆ.

ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದ ಪಾವೆಲ್ ಕರ್ಟಿಸ್ ಎಂಬುವರು ಲ್ಯಾಂಬ್ಡಾಮೂ ಎಂಬ ಅಕ್ಷರದ ಊರೊಂದನ್ನು ನಡೆಸುತ್ತಿದ್ದರು. ಅದೊಂದು ದೊಡ್ಡ ಮನೆ, ಕರ್ಟಿಸ್ ಅವರ ಸ್ವಂತ ಮನೆಯ ಮಾದರಿಯದ್ದು. ನಡುಮನೆಯಲ್ಲಿ ಜನ ಸೇರಿ ಹರಟುತ್ತಿದ್ದರು, ನಮ್ಮ ಕಟ್ಟೆಯ ಹಾಗೆ. 1993ರ ಮಾರ್ಚ್‌ನ ಒಂದು ರಾತ್ರಿ ಮಿಸ್ಟರ್ ಬಂಗಲ್ ಎಂಬ ಹೆಸರಿನ ಪಾತ್ರ ಅಲ್ಲಿಗೆ ಬಂತು. ಅವನ ಹತ್ತಿರ ಮಾಟದ ಗೊಂಬೆಯಂಥ ಒಂದು ಪ್ರೋಗ್ರಾಂ ಇತ್ತು. ಅದರಿಂದ ಬೇರೆಯವರ ಪಾತ್ರಗಳು ಅವರು ಮಾಡದ ಕೆಲಸವನ್ನು ಮಾಡಿದಂತೆ ಎಲ್ಲರ ಪರದೆ ಮೇಲೂ ಬರೆಯಬಹುದಿತ್ತು. ಲೆಗ್ಬಾ ಮತ್ತು ಸ್ಟಾರ್‌ಸಿಂಗರ್ ಎಂಬ ಪಾತ್ರಗಳ ಮೇಲೆ ಅವನು ಲೈಂಗಿಕ ದೌರ್ಜನ್ಯದ ಸಾಲುಗಳನ್ನು ಬರೆದ. ಎಲ್ಲರೂ ಓದುತ್ತಾ ಕೂತಿದ್ದರು. ಹಳಬನೊಬ್ಬ ಬಂದು ಅವನನ್ನು ಪಂಜರದೊಳಗೆ ಹಾಕುವವರೆಗೂ ಅದು ನಡೆಯಿತು.

ಯಾರ ಮೈಗೂ ಗಾಯವಾಗಿರಲಿಲ್ಲ. ಲೆಗ್ಬಾ ಪಾತ್ರ ನಡೆಸುತ್ತಿದ್ದ ಸಿಯಾಟಲ್‌ನ ಹೆಂಗಸು ಮಾರನೇ ದಿನ ದೂರು ಬರೆದಾಗ ಸಿಟ್ಟಿನ ಜತೆ ಒಂದಷ್ಟು ವ್ಯಂಗ್ಯವನ್ನೂ ಬೆರೆಸಿದ್ದರು. ಅದನ್ನು ಬರೆಯುವಾಗ ಕಣ್ಣಲ್ಲಿ ನೀರು ಸುರಿಯುತ್ತಿತ್ತು ಎಂದು ತಿಂಗಳುಗಳ ನಂತರ ಪತ್ರಕರ್ತ ಜೂಲಿಯನ್ ಡಿಬೆಲ್‌ಗೆ ಹೇಳಿದರು. ಡಿಬೆಲ್ ಆ ವರ್ಷದ ಡಿಸೆಂಬರ್‌ನಲ್ಲಿ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಇಡೀ ಪ್ರಕರಣ ಬರೆದದ್ದರಿಂದಲೇ ಇವತ್ತು ನಮಗೆ ಇದು ಗೊತ್ತಿರುವುದು.

ಪಂಚಾಯ್ತಿ ಕೂತಿತು. ಶಿಕ್ಷೆ ಒಂದೇ ಇತ್ತು, ಪಾತ್ರವನ್ನೇ ಅಳಿಸಿಹಾಕುವುದು. ಹಳೆಯ ಆಟಗಳಲ್ಲಿ ತಪ್ಪು ಮಾಡಿದವನನ್ನು ಕಪ್ಪೆಯಾಗಿ ಮಾರ್ಪಡಿಸುತ್ತಿದ್ದರಂತೆ, ಆ ಹೆಸರೇ ಉಳಿದು ಇದಕ್ಕೂ ಕಪ್ಪೆ ಮಾಡುವುದು ಎನ್ನುತ್ತಿದ್ದರು. ಆ ಅಧಿಕಾರವಿದ್ದದ್ದು ಆಟ ನಡೆಸುವ ಮಾಂತ್ರಿಕರಿಗೆ. ಆದರೆ ಕೆಲವೇ ತಿಂಗಳ ಹಿಂದೆ ಕರ್ಟಿಸ್, ಇನ್ನು ಮುಂದೆ ಊರ ಜಗಳ ನೀವೇ ತೀರಿಸಿಕೊಳ್ಳಿ, ಮಾಂತ್ರಿಕರು ಬರೀ ಯಂತ್ರ ನೋಡಿಕೊಳ್ಳುತ್ತಾರೆ ಎಂದು ಸಾರಿಬಿಟ್ಟಿದ್ದರು. ಹಾಗಾಗಿ ಒಬ್ಬೊಬ್ಬರದು ಒಂದೊಂದು ಮಾತು. ಮೊದಲೇ ಕಾನೂನು ಬರೆಯದೆ ಶಿಕ್ಷೆ ಹೇಗೆ ಕೊಡುತ್ತೀರಿ ಎಂದರು ಕೆಲವರು. ಮಾಂತ್ರಿಕರೇ ಮತ್ತೆ ಆಳಲಿ ಎಂದರು ಇನ್ನು ಕೆಲವರು. ಅವನ ಮಾತು ನಿಮಗೆ ಕಾಣದಂತೆ ಮಾಡುವ ಆಜ್ಞೆ ಇದೆಯಲ್ಲ, ಅದನ್ನು ಒತ್ತಿ ಸುಮ್ಮನಿರಿ ಎಂದವರೂ ಇದ್ದರು. ನಮ್ಮ "ಬಿಟ್ಟಾಕು" ಇದೇ. ಅದಕ್ಕಿದ್ದ ತೊಂದರೆ ಸರಳ: ನನಗೆ ಕಾಣದಿದ್ದರೂ ನಡುಮನೆಯಲ್ಲಿರುವ ಮಿಕ್ಕವರಿಗೆಲ್ಲ ಕಾಣುತ್ತಿರುತ್ತದೆ.

ಬಂಗಲ್ ಸ್ವತಃ ಸಭೆಗೆ ಬಂದ. ಅದೊಂದು ಮನಸ್ಸಿನ ಪ್ರಯೋಗ, ನಿಜ ಬದುಕಿಗೆ ಸಂಬಂಧವಿಲ್ಲ ಎಂಬಂಥ ಉತ್ತರ ಕೊಟ್ಟ. ಗಂಟೆಗಟ್ಟಲೆ ಮಾತಾಡಿದರೂ ಸಭೆ ಒಮ್ಮತಕ್ಕೆ ಬರಲಿಲ್ಲ. ಸುಮ್ಮನೆ ಕೂತು ಕೇಳಿಸಿಕೊಂಡಿದ್ದ ಒಬ್ಬ ಮಾಂತ್ರಿಕ ಅದೇ ರಾತ್ರಿ ಯಾರನ್ನೂ ಕೇಳದೆ ಬಂಗಲ್‌ನನ್ನು ಅಳಿಸಿಹಾಕಿದ.

ಇಲ್ಲಿ ನಮ್ಮೊಳಗೇ ಜಗಳವಾಯಿತು. ಸರಿಯಾಗೇ ಮಾಡಿದ ಎಂದರು ಇಬ್ಬರು. ಉಳಿದವರಿಗೆ ಬಹಿಷ್ಕಾರ ಎಂಬ ಪದವೇ ಚುಚ್ಚಿತು. ನಮ್ಮ ಕಡೆ ಹಳ್ಳಿಗಳಲ್ಲಿ ಅದು ಬಿದ್ದಿರುವುದು ತಪ್ಪು ಮಾಡಿದ ಬಲಾಢ್ಯರ ಮೇಲಲ್ಲ, ಜಾತಿ ಮೀರಿ ಮದುವೆಯಾದವರ ಮೇಲೆ, ಸಮಾನ ನೀರು ಕೇಳಿದವರ ಮೇಲೆ. ಒಬ್ಬನೇ ಕೂತು ಒಂದು ರಾತ್ರಿಯಲ್ಲಿ ತೀರ್ಮಾನಿಸುವುದು ಯಾವ ನ್ಯಾಯ? ಆದರೆ ಸಭೆ ತೀರ್ಮಾನಕ್ಕೆ ಬರುವವರೆಗೆ ಲೆಗ್ಬಾ ಅದೇ ನಡುಮನೆಯಲ್ಲಿ ಅವನ ಎದುರು ಕೂರಬೇಕಿತ್ತೇ? ನಮ್ಮ ಜಗಳ ಇನ್ನೂ ಮುಗಿದಿಲ್ಲ.

ಪ್ರವಾಸದಲ್ಲಿದ್ದ ಕರ್ಟಿಸ್ ವಾಪಸ್ಸು ಬಂದು, ಊರಿನವರೇ ಮನವಿ ಸಲ್ಲಿಸಿ ಮತ ಹಾಕಿ ನಿಯಮ ಮಾಡುವ ವ್ಯವಸ್ಥೆ ತಂದರು. ಬಂಗಲ್ ಡಾಕ್ಟರ್ ಜೆಸ್ಟ್ ಎಂಬ ಹೊಸ ಹೆಸರಲ್ಲಿ ಮರಳಿ ಬಂದ. ಮೂರು ವರ್ಷದ ಮತದಾನ, ವ್ಯಾಜ್ಯಗಳಲ್ಲಿ ಎಲ್ಲರೂ ಸುಸ್ತಾಗಿ, 1996ರಲ್ಲಿ ಮಾಂತ್ರಿಕರೇ ಮತ್ತೆ ಅಧಿಕಾರ ವಾಪಸ್ಸು ತೆಗೆದುಕೊಂಡರು.

ಮುಂದಿನದು ದೊಡ್ಡ ಕಂಪನಿಗಳ ಕಾಲ. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್‌ನಲ್ಲಿ ಹೊಸಬರು ಊರ ಬಾಗಿಲು ದಾಟುತ್ತಿದ್ದಂತೆ ಹಳಬರು ಕೊಂದು ದೋಚುತ್ತಿದ್ದರು. 2000ದಲ್ಲಿ ಕಂಪನಿ ಇಡೀ ಜಗತ್ತನ್ನೇ ಎರಡು ಮಾಡಿತು, ಒಂದರಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರಿಗೂ ಹೊಡೆಯುವಂತಿಲ್ಲ. ಹೆಚ್ಚಿನ ಜನ ಅಲ್ಲಿಗೇ ಹೋದರು. 2002ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಲೈವ್ ಹೆಡ್‌ಸೆಟ್ ಸಮೇತ ಬಂತು. ಅಲ್ಲಿಯವರೆಗೆ ಹೆಸರಿನ ಹಿಂದೆ ಅಡಗಬಹುದಿತ್ತು, ಈಗ ದನಿಯೇ ಗುರುತು. ಅಮೆರಿಕದ ಓಹಾಯೋ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಹ್ಯಾಲೋ 3 ಆಟದಲ್ಲಿ ಒಂದೇ ಬಗೆಯ ಮಾತುಗಳನ್ನು ಒಮ್ಮೆ ಗಂಡು ದನಿಯಲ್ಲಿ, ಒಮ್ಮೆ ಹೆಣ್ಣು ದನಿಯಲ್ಲಿ ಕೇಳಿಸಿದರು. ಹೆಣ್ಣು ದನಿಗೆ ಬಂದ ಕೆಟ್ಟ ಮಾತು ಮೂರು ಪಟ್ಟು. ನಮ್ಮವಳಿಗೆ ಇದನ್ನು ಓದಿ ಹೇಳಿದಾಗ "ಇದಕ್ಕೆ ಸಂಶೋಧನೆ ಬೇರೆ ಬೇಕಿತ್ತಾ" ಅಂದಳು.

ಲೀಗ್ ಆಫ್ ಲೆಜೆಂಡ್ಸ್ ಆಟ 2011ರಲ್ಲಿ ಪಂಚಾಯ್ತಿಯನ್ನು ಮತ್ತೆ ತಂದಿತು. ದೂರು ಬಂದವರ ಚಾಟ್ ಓದಿ ಆಟಗಾರರೇ ಶಿಕ್ಷೆಗೆ ಮತ ಹಾಕುತ್ತಿದ್ದರು. 2014ರಲ್ಲಿ ಅದೂ ನಿಂತಿತು. ಆದರೆ ಅದೇ ಕಂಪನಿ ಕಂಡುಕೊಂಡ ಎರಡು ಸಂಗತಿ ಮುಖ್ಯ. ಕೆಟ್ಟ ಮಾತಿನ ಬಹುಪಾಲು ಬರುವುದು ಖಾಯಂ ಪುಂಡರಿಂದಲ್ಲ, ಅವತ್ತು ತಲೆಕೆಟ್ಟ ಸಾಮಾನ್ಯ ಆಟಗಾರರಿಂದ. ಎರಡನೆಯದು, ಎದುರು ತಂಡದ ಜತೆಗಿನ ಚಾಟನ್ನು ಮೊದಲೇ ಆಫ್ ಮಾಡಿಟ್ಟು ಬೇಕಾದವರು ಮಾತ್ರ ಆನ್ ಮಾಡಿಕೊಳ್ಳಲಿ ಎಂದಾಗ, ಮಾತು ನಿಲ್ಲಲಿಲ್ಲ, ಬೈಗುಳ ಮಾತ್ರ ಶೇಕಡ 30ಕ್ಕೂ ಹೆಚ್ಚು ಇಳಿಯಿತು.

ನಮ್ಮ ಹಳ್ಳಿಗಳಿಗೆ ಈ ಆಟಗಳು ಬಂದದ್ದು ಕಂಪ್ಯೂಟರಿನಲ್ಲಲ್ಲ, ಅಗ್ಗದ ಡೇಟಾ ಮತ್ತು ಫೋನಿನಲ್ಲಿ. 2018ರಲ್ಲಿ ಪಬ್‌ಜಿ ಮೊಬೈಲ್ ಬಂತು, 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು, 2021ರ ಜುಲೈನಲ್ಲಿ ಬಿಜಿಎಂಐ ಹೆಸರಲ್ಲಿ ಇನ್ನೊಂದು ರೂಪ ಬಂತು. ಕಟ್ಟೆ, ಪಂಚಾಯ್ತಿ ಯಾವುದೂ ಇಲ್ಲಿಲ್ಲ. ಅರ್ಧ ಗಂಟೆಗೊಮ್ಮೆ ಹೊಸ ಅಪರಿಚಿತರು. ಉಳಿದಿರುವುದು ಮ್ಯೂಟ್, ಬ್ಲಾಕ್, ರಿಪೋರ್ಟ್. ಮ್ಯೂಟ್ ಮಾಡುವ ಮುಂಚೆ ಆಟಗಾರನ ಐಡಿ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ರಿಪೋರ್ಟ್‌ಗೆ ಅದೇ ಆಧಾರ. ಆಟ ದಾಟಿ ನಿಮ್ಮ ನಂಬರ್, ಫೋಟೊ ಹಿಡಿದು ಬೆದರಿಸಿದರೆ ಅದು ಆಟದ ಜಗಳವಲ್ಲ, ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಅಥವಾ ಠಾಣೆಯಲ್ಲಿ ದೂರು ಕೊಡಬಹುದು. ಮಕ್ಕಳಾದರೆ 1098ಕ್ಕೆ ಕರೆ ಮಾಡಬಹುದು.

ನಮ್ಮವಳು ಈಗ ಚಿಕ್ಕಮ್ಮನ ಮಗಳನ್ನೂ ಪಕ್ಕದ ಮನೆಯ ಇಬ್ಬರು ಹುಡುಗಿಯರನ್ನೂ ಸೇರಿಸಿ ನಾಲ್ವರ ತಂಡ ಮಾಡಿದ್ದಾಳೆ. ತಂಡಕ್ಕಷ್ಟೇ ಕೇಳುವಂತೆ ಮೈಕ್ ಸೆಟ್ ಮಾಡಿಕೊಂಡಿದ್ದಾರೆ. ಮೊನ್ನೆ ರಾತ್ರಿ ಅವಳು "ಎಡಕ್ಕೆ ಬಾರೇ" ಎಂದು ಕೂಗಿದ್ದು ನಮ್ಮ ಅಂಗಳಕ್ಕೂ ಕೇಳಿಸಿತು.