ಸವಳು ನೀರಿನ ಸೋರ

ಬೆಂಗಳೂರಾಗ ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ ಮನೆಯಲ್ಲಿ ಸಮುದ್ರದ ನೀರಿನ ಗಾಜಿನ ತೊಟ್ಟಿ ಇಟ್ಟಿದ್ದಾನೆ. ಹೋದ ವರ್ಷ ಅದರೊಳಗೆ ಬ್ಯಾಂಬೂ ಶಾರ್ಕಿನ ಒಂದು ಮೊಟ್ಟೆ ತಂದು ಇಟ್ಟ. ಅದೇ ಹೊತ್ತಿಗೆ ಅಫಜಲಪುರ ಕಡೆಯಿಂದ ದವಾಖಾನಿ ಕೆಲಸಕ್ಕೆ ಬಂದಿದ್ದ ನಮ್ಮ ಕಾಕಾನನ್ನ ಅಲ್ಲಿಗೆ ಕರಕೊಂಡು ಹೋದೆ. ಸಾವಿರ ಲೀಟರ್ ನೀರಿಗೆ 35 ಕಿಲೋ ಉಪ್ಪು ಕಲಸಬೇಕು ಅಂತ ಕೇಳಿದ್ದೇ ಕಾಕಾ ಕುರ್ಚಿ ಮ್ಯಾಲಿಂದ ಎದ್ದ. "ಬೋರಿನಾಗ ಸವಳು ನೀರು ಬಂತಂತ ನಾವು ಹಣಿ ಬಡಕೊಂಡ್ವಿ. ನೀ ರೊಕ್ಕ ಕೊಟ್ಟು ಸವಳು ಮಾಡ್ಲತ್ತೀಯಲ್ಲೋ ತಮ್ಮಾ!"

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ನೀರಂದ್ರೆ ಭೀಮಾ, ಅಮರ್ಜಾ. ಎರಡೂ ಗಾಣಗಾಪುರದ ಹತ್ತಿರ ಕೂಡ್ತಾವ, ಅಲ್ಲಿಗೆ ನಮ್ಮ ಜಲಲೋಕ ಮುಗೀತು. ಸಮುದ್ರ ನೋಡಬೇಕಂದ್ರೆ ದುಡಿಯಲು ಮುಂಬೈಗೇ ಹೋಗಬೇಕು. ಹಾಗಾಗಿ ಶಾರ್ಕ್ ಅನ್ನೋದು ನಮ್ಮ ನೆಲಕ್ಕೆ ಟಿ.ವಿ. ತಂದ ಪ್ರಾಣಿ ಅಂತ ನಾನು ತಿಳಕೊಂಡಿದ್ದೆ. ಅದು ತಪ್ಪು.

ಆಳಂದದಿಂದ ಉತ್ತರಕ್ಕೆ ಹೊರಟರೆ ಬಸವಕಲ್ಯಾಣ, ಅಂದ್ರೆ ಚಾಲುಕ್ಯರ ಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಅನ್ನುವ ಸಂಸ್ಕೃತ ವಿಶ್ವಕೋಶ ಬರೆದ. ಐದು ಭಾಗ, ನೂರು ಅಧ್ಯಾಯ: ರಾಜ್ಯಭಾರ, ಅಡುಗೆ, ಸಂಗೀತ, ಬೇಟೆ, ಎಲ್ಲ ಇದೆ. ಅದರಲ್ಲೊಂದು 'ಮತ್ಸ್ಯವಿನೋದ', ಗಾಳ ಹಾಕಿ ಮೀನು ಹಿಡಿಯುವ ಆಟ. ಸುಮಾರು 35 ಬಗೆಯ ಮೀನುಗಳನ್ನ ಸಮುದ್ರದವು, ನದಿಯವು, ಹುರುಪೆ ಇರುವವು, ಇಲ್ಲದವು, ದೊಡ್ಡವು, ಸಣ್ಣವು ಅಂತ ವಿಂಗಡಿಸಿದ್ದಾನೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡೇಟಾಬೇಸ್. ಸಮುದ್ರದ ಸಾಲಿನಲ್ಲಿ 'ಸೋರ', 'ಶೃಂಗಸೋರ' ಅಂತ ಎರಡು ಹೆಸರು ಬರ್ತಾವ. 1951ರಲ್ಲಿ ಈ ಅಧ್ಯಾಯವನ್ನ ಅಭ್ಯಾಸ ಮಾಡಿ ಬರೆದ ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಸೋರ ಅಂದ್ರೆ ಶಾರ್ಕ್, ಶೃಂಗಸೋರ ಅಂದ್ರೆ ಸುತ್ತಿಗೆ ತಲೆಯ ಶಾರ್ಕ್ ಅಂತ ಗುರುತಿಸಿದರು.

ಸಮುದ್ರವೇ ಇಲ್ಲದ ಕಲ್ಯಾಣಕ್ಕೆ ಶಾರ್ಕ್ ಹೇಗೆ ಬಂತು? ಒಂದು ದಾರಿ ನಂಟಸ್ತನ. ಸೋಮೇಶ್ವರನ ತಂಗಿಯೋ ಅಕ್ಕನೋ ಆದ ಮೈಲಲದೇವಿಯನ್ನ ಗೋವೆಯ ಕದಂಬ ಎರಡನೆಯ ಜಯಕೇಶಿಗೆ ಕೊಟ್ಟಿದ್ದರು. ಬಂದರು ಅವರ ಕೈಯಲ್ಲಿತ್ತು. ಆದರೆ ನನಗೆ ಹೆಚ್ಚು ಮುಖ್ಯ ಅನಿಸೋದು 'ಸೋರ' ಅನ್ನುವ ಮಾತೇ. ತಮಿಳರು ಇವತ್ತಿಗೂ ಶಾರ್ಕಿಗೆ 'ಸುರಾ' ಅಂತಾರೆ. ಅದು ಪಂಡಿತರ ಮಾತಲ್ಲ, ಬಲೆ ಬೀಸುವವರ ಮಾತು. ಯಾರೋ ಮೀನುಗಾರ ಹೇಳಿದ್ದಾನೆ, ಆಸ್ಥಾನ ಬರಕೊಂಡಿದೆ. ರಾಜನ ಹೆಸರು ಉಳೀತು, ಹೇಳಿದವನದು ಉಳೀಲಿಲ್ಲ. ಭೀಮಾ ದಂಡೆಯ ಕಬ್ಬಲಿಗರ ಓಣಿಯಲ್ಲಿ ಮೀನಿನ ಹೆಸರು ಕಲಿತು ಬೆಳೆದವನು ನಾನು. ನನಗೆ ಇದು ಸಣ್ಣ ವಿಷಯ ಅಲ್ಲ.

ಸೋಮೇಶ್ವರನದು ಸಾಕಾಣಿಕೆ ಅಲ್ಲ, ಮೀನಿಗೆ ಮೇವು ಹಾಕಿ ರೂಢಿ ಮಾಡಿಸಿ ಆಮೇಲೆ ಹಿಡಿಯೋದು. ಎಳ್ಳಿನ ಹಿಂಡಿ, ಹುರಿದ ಕಡಲೆ ಹಿಟ್ಟು, ಅನ್ನ, ಮಾಂಸದ ತುಂಡು ಇವೇ ಮೇವು. (ಓದಿದಾಗ ನಮ್ಮೂರ ಕಿರಾಣಿ ಅಂಗಡಿ ನೆನಪಾಯ್ತು.) ಕಡಲನ್ನ ಜೀವಂತ ಮನೆಯೊಳಗೆ ಇಡೋದು 19ನೇ ಶತಮಾನದ ಹುಚ್ಚು. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ನಾಲ್ಕು ಲವಣ ಬೆರೆಸಿ ಕೃತಕ ಸಮುದ್ರದ ನೀರು ಮಾಡುವುದನ್ನ ಬರೆದ. ಕಡಲಿಂದ ದೂರ ಇದ್ದವರಿಗೂ ಬಾಗಿಲು ತೆರೀತು. ಗಾಸ್‌ನ ಪುಸ್ತಕ ಓದಿದವರು ಇಂಗ್ಲೆಂಡಿನ ತೀರದ ಕುಳಿಗಳನ್ನೆಲ್ಲ ಬರಿದು ಮಾಡಿದರು, ಅದು ಬೇರೆ ಮಾತು.

ನಮ್ಮ ಜನಕ್ಕೆ ಆ ಗಾಜಿನ ಸಮುದ್ರ ಸಿಕ್ಕಿದ್ದು ಮುಂಬೈನ ತಾರಾಪೋರ್‌ವಾಲಾ ಮತ್ಸ್ಯಾಲಯದಲ್ಲಿ. ಅದು 1951ರದು. ಹುಡುಗನಿದ್ದಾಗ ಮುಂಬೈಯಲ್ಲಿ ದುಡಿದ ಕಾಕಾ ಒಂದು ಆಯಿತವಾರ ಟಿಕೀಟು ತಗೊಂಡು ನೋಡಿದ್ದನಂತೆ.

ಸಮುದ್ರವಿಲ್ಲದ ಊರುಗಳೇ ಶಾರ್ಕಿನ ಬಗ್ಗೆ ದೊಡ್ಡ ಸುದ್ದಿ ಕೊಟ್ಟಿದ್ದೂ ಉಂಟು. ಅಮೆರಿಕದ ನಟ್ಟನಡುವಿನ ಒಮಾಹಾದಲ್ಲಿ ಹೆಣ್ಣು ಶಾರ್ಕುಗಳು ಮಾತ್ರ ಇದ್ದ ತೊಟ್ಟಿಯಲ್ಲಿ 2001ರ ಡಿಸೆಂಬರಿನಲ್ಲಿ ಒಂದು ಮರಿ ಹುಟ್ಟಿತು. ಗಂಡಿನ ಸಂಗ ಇಲ್ಲದೇ ಹುಟ್ಟಿದ್ದು ಅಂತ ಡಿ.ಎನ್.ಎ. ಪರೀಕ್ಷೆಯಿಂದ 2007ರಲ್ಲಿ ಖಾತ್ರಿಯಾಯ್ತು. ಆ ತಾಯಿ ಸುತ್ತಿಗೆ ತಲೆ ಕುಲದ್ದು, ಸೋಮೇಶ್ವರನ ಶೃಂಗಸೋರದ ನಂಟು. ಮರಿಯನ್ನ ಅದೇ ತೊಟ್ಟಿಯ ತೊರಕೆ ಮೀನು ಕೊಂದುಬಿಟ್ಟಿತು.

ಗೆಳೆಯನ ಮೊಟ್ಟೆ ಅಂದ್ರೆ ಕಂದು ತೊಗಲಿನ ಚೀಲ, ಅಂಗೈಯಷ್ಟು. ಒಡೆಯಲು ನಾಲ್ಕೈದು ತಿಂಗಳು ಬೇಕು. ಹೊರಬರುವ ಮರಿ ಗೇಣಿಗಿಂತ ಚಿಕ್ಕದು, ಮೈ ತುಂಬ ಪಟ್ಟೆ. ಬೆಳೆದರೆ ಮೂರಡಿ ದಾಟುತ್ತದೆ, ಆಗ ಈ ತೊಟ್ಟಿ ಸಾಲದು. ಇದನ್ನ ಕೊಳ್ಳುವಾಗ ಯೋಚಿಸಿದೆಯಾ ಅಂತ ಕೇಳಿದೆ, ಅವನು ಮಾತು ಮರೆಸಿದ. ನೀರು ಆರಿದಷ್ಟು ಉಪ್ಪು ಗಟ್ಟಿಯಾಗ್ತದೆ, ಅದಕ್ಕೆ ದಿನಾ ಸಿಹಿನೀರು ತುಂಬಬೇಕು. ಮಲಮೂತ್ರದ ಅಮೋನಿಯಾವನ್ನ ಮುರಿಯುವ ಬ್ಯಾಕ್ಟೀರಿಯಾ ಮೊದಲೇ ಬೆಳೆದಿರಬೇಕು. ಉಳಿದ ಮೀನಿಗೆ ಕೊಡುವ ತಾಮ್ರದ ಔಷಧಿ ಇದಕ್ಕೆ ವಿಷ.

ಗೆಳೆಯ ದೀಪ ಆರಿಸಿ ಮೊಟ್ಟೆಯ ಹಿಂದೆ ಬ್ಯಾಟರಿ ಹಿಡಿದ. ಒಳಗೆ ದಾರದಂಥ ಮರಿ, ಹಳದಿ ಭಂಡಾರಕ್ಕೆ ಅಂಟಿಕೊಂಡು ಬಾಲ ಅಲ್ಲಾಡಿಸ್ತಿತ್ತು. ಕಾಕಾ ಬಹಳ ಹೊತ್ತು ಬಗ್ಗಿ ನೋಡಿದ. ಸವಳು ನೀರಿನ ಮಾತು ಮತ್ತೆ ಎತ್ತಲಿಲ್ಲ.

"ಹೊರಗ ಬಂದ ಮ್ಯಾಲ ಏನ್ ಹಾಕ್ತೀರಿ?"

"ಸಿಗಡಿ, ಸಣ್ಣಗೆ ಹೆಚ್ಚಿ" ಅಂದ ಗೆಳೆಯ.

"ಕಡ್ಲಿ ಹಿಟ್ಟು ತಿನ್ನಂಗಿಲ್ಲೇನು?"